ನರಿ ಕರೆಯುವ ಡಬ್ಬಿ

ನಮ್ಮ ಮನೆಯ ಬೀರುವಿನ ಮೇಲೆ ಒಂದು ಮೈಕ್ ಡಬ್ಬಿ ಕೂತಿದೆ. ತರಕಾರಿ ಗಾಡಿಯವರು ಬೆಳ್ಳಂಬೆಳಗ್ಗೆ ‘ಬದ್ನಿಕಾಯಿ, ಬೆಂಡಿಕಾಯಿ’ ಎಂದು ಓಣಿಯನ್ನೆಲ್ಲ ಎಬ್ಬಿಸುತ್ತಾರಲ್ಲ, ಆ ಜಾತಿಯದೇ. ಮುಂದೆ ಶಬ್ದ ಹೊರಡುವ ಕೆಂಪು ಭೋಂಗಾ, ಹಿಂದೆ ಬ್ಯಾಟರಿ, ಪಕ್ಕದಲ್ಲಿ ಮೆಮೊರಿ ಕಾರ್ಡ್ ತೂರಿಸಲು ಒಂದು ಸಣ್ಣ ಸಂದು. ಒಂದು ಗುಂಡಿ ಎಂದೋ ಕಿತ್ತುಹೋಗಿ, ಆ ಜಾಗದಲ್ಲಿ ಪೆನ್ನಿನ ಮುಚ್ಚಳ ಸಿಕ್ಕಿಸಲಾಗಿದೆ. ನನ್ನ ಹೆಂಡತಿ ಶಾರದಾಗೆ ಈ ಡಬ್ಬಿ ಕಂಡರೆ ಆಗುವುದಿಲ್ಲ. ಧೂಳು ಹೊಡೆಯುವಾಗಲೆಲ್ಲ ಅದನ್ನು ಹಳೇ ಸಾಮಾನಿನವನಿಗೆ ಹಾಕುವ ಮಾತು ತೆಗೆಯುತ್ತಾಳೆ.

"ಇದನ್ನ ಇಟ್ಕೊಂಡು ಏನ್ ಮಾಡ್ತೀರಿ? ನಿಮಗ ಮೈಕ್ ಬ್ಯಾರೆ ಬೇಕೇನ್ರೀ? ಇರೋ ಗಂಟಲಾ ಓಣಿಗೆ ಸಾಕಾಗೈತಿ."

"ಇರ್ಲಿ ಬಿಡು, ಅದರಾಗ ನರಿ ಅದಾವ," ಎನ್ನುತ್ತೇನೆ.

"ಅದರಾಗ ನಿಮ್ಮತ್ತಿನೂ ಅದಾಳ. ಅದಕ್ಕ ಹೇಳಾಕತ್ತೀನಿ, ಹಾಕ್ರಿ ಅಂತ."

ಇಬ್ಬರೂ ನಿಜವನ್ನೇ ಹೇಳುತ್ತಿದ್ದೇವೆ. ಆ ಡಬ್ಬಿಯಲ್ಲಿ ನರಿಯೂ ಇದೆ, ನಮ್ಮತ್ತಿಯೂ ಇದ್ದಾಳೆ. ಇಬ್ಬರೂ ಒಂದೇ ಡಬ್ಬಿಗೆ ಹೇಗೆ ಬಂದರು ಎಂಬುದನ್ನು ಹೇಳದೆ ಹೋದರೆ ನೀವೂ ಶಾರದಾಳ ಪಾರ್ಟಿ ಸೇರಿಬಿಡುತ್ತೀರಿ. ಸ್ವಲ್ಪ ಕೂತುಕೊಳ್ಳಿ.

ಅತ್ತಿ ಎಂದರೆ ನಮ್ಮಪ್ಪನ ತಂಗಿ, ನಿಂಗಮ್ಮ. ನಮ್ಮ ಮೂಲ ಊರು ಪಾಮನಕಲ್ಲೂರು. ಜೋಳ, ತೊಗರಿ, ಕಲ್ಲು, ಬಿಸಿಲು ಬಿಟ್ಟರೆ ಬೇರೆ ಬೆಳೆ ನಮ್ಮ ಕಾಲದಲ್ಲಿ ಅಲ್ಲಿ ಇರಲಿಲ್ಲ. ಅತ್ತಿಯನ್ನು ಕೊಟ್ಟದ್ದು ಕಾಲುವೆ ನೀರಿನ ಗೊರೇಬಾಳಕ್ಕೆ. ಒಣಭೂಮಿಯ ಹುಡುಗಿ ಒಮ್ಮೆಲೇ ಭತ್ತದ ಕೆಸರಿಗೆ ಇಳಿದಳು, ಆದರೆ ಬಾಯಿ ಮಾತ್ರ ಪಾಮನಕಲ್ಲೂರಿನದೇ ಉಳಿಯಿತು. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಒಬ್ಬನೇ ಮಗ ಬಸು. ಅವನಿಗೆ ಹೊಲವೂ ಇದೆ, ಒಂದು ಆಟೋವೂ ಇದೆ. ನಾನು ಅವನ ಸೋದರಮಾವನ ಮಗ, ನಮ್ಮ ಕಡೆಯ ವಾವೆಯಲ್ಲಿ ಅವನಿಗೆ ಮಾವ. ನಾನು ಸಿಂಧನೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನನ್ನ ಶೌರ್ಯವೆಲ್ಲ ಜಿರಳೆಯವರೆಗೆ, ಅದೂ ಹಾರದ ಜಿರಳೆ.

ಅತ್ತಿಯ ಕಣ್ಣಿಗೆ ಪೊರೆ ಬಂದದ್ದು ಮನೆಯವರಿಗೆ ಬಹಳ ದಿನ ಗೊತ್ತೇ ಆಗಲಿಲ್ಲ. ಗೊತ್ತಾಗದ ಹಾಗೆ ಆಕೆ ನೋಡಿಕೊಂಡಿದ್ದಳು. ಕಪ್ಪಿಗೆ ಚಹಾ ಬಗ್ಗಿಸುವಾಗ ಒಳಗೆ ಬೆರಳಿಟ್ಟು, ಬೆರಳು ಸುಟ್ಟಾಗ ನಿಲ್ಲಿಸುವುದು. ಯಾರೇ ಬಂದರೂ "ಬಾರಪ್ಪ, ಭಾಳ ದಿನಕ್ಕ ಬಂದಿ" ಎಂದು ಹೆಸರಿಲ್ಲದೆ ಕರೆದು, ಅವರು ಮಾತಾಡಿದ ಮೇಲೆ ಧ್ವನಿ ಹಿಡಿದು ಗುರುತಿಸುವುದು. ಒಂದು ಸಲ ನಾನು ಹೋದಾಗ ಅಂಗಳದಲ್ಲಿ ಒಣಗಲು ಹಾಕಿದ್ದ ನನ್ನದೇ ಅಂಗಿಗೆ, "ನಿಂತಾ ಇದ್ದೀಯಲ್ಲೋ, ಕುಂದ್ರು" ಎಂದಳು. ನಾನು ನಕ್ಕೆ. ಆಕೆಯೂ ನಕ್ಕು, "ಚಾಷ್ಟಿ ಮಾಡಿದೆ" ಎಂದಳು. ಅಂಗಿ ಒಂದೇ ಗಂಭೀರವಾಗಿತ್ತು.

ಕಡೆಗೆ ಸಿಂಧನೂರಿನ ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಎಡಗಣ್ಣಂತೂ ಇನ್ನು ತಡೆಯುವುದಿಲ್ಲ, ಹೀಗೇ ಬಿಟ್ಟರೆ ಆಮೇಲೆ ಆಪರೇಷನ್ ಮಾಡಿದರೂ ಬೆಳಕು ಬರುತ್ತದೆಂದು ಹೇಳಲಾಗುವುದಿಲ್ಲ ಎಂದರು. ಅತ್ತಿ ಎಲ್ಲ ಕೇಳಿ, ಸೆರಗು ಸರಿಮಾಡಿಕೊಂಡು, "ಬರ್ತೀನ್ರೀ ಡಾಕ್ಟ್ರ" ಎಂದು ಎದ್ದು ಗೋಡೆಯ ಕಡೆಗೆ ನಡೆದಳು. ಬಾಗಿಲು ಈ ಕಡೆ ಇತ್ತು.

ಆಕೆಗೆ ಹೆದರಿಕೆ. ಅದಕ್ಕೆ ಕಾರಣವೂ ಇತ್ತು. ಬಹಳ ಹಿಂದೆ ಆಕೆಯ ಅಕ್ಕ, ಅಂದರೆ ನಮ್ಮ ದೊಡ್ಡತ್ತಿ, ಎಲ್ಲೋ ಕಣ್ಣು ಕೊಯ್ಯಿಸಿಕೊಂಡು ಬಂದವಳು ಮತ್ತೆ ಬೆಳಕು ಕಾಣಲೇ ಇಲ್ಲ. ಅದು ಆ ಕಾಲದ ಮಾತು, ಈಗ ಹಾಗಿಲ್ಲ, ಸಂಜೆಗೇ ಮನೆಗೆ ಕಳಿಸುತ್ತಾರೆ ಎಂದು ನಾವು ಹೇಳಿ ಹೇಳಿ ಹೈರಾಣಾದೆವು. ಅತ್ತಿ ಹೆದರಿಕೆ ಎಂದು ಒಪ್ಪಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಆಕೆ ಒಪ್ಪಲಿಲ್ಲ. ಬದಲಿಗೆ ಒಂದು ಕರಾರು ಹಾಕಿದಳು.

"ಮಾಡಿಸ್ಕೊಂತೀನಿ. ನಾ ಯಾವಾಗ ಒಲ್ಲೆ ಅಂದೀನಿ? ಆದ್ರ ಅವತ್ತು ಮುಂಜಾಲೆ ಎದ್ದು ನರಿ ಮುಖ ನೋಡಿ ಹೋಗಬೇಕು. ನರಿ ತೋರಿಸ್ರಿ, ಬರ್ತೀನಿ."

ನಮ್ಮ ಕಡೆ ಯಾರಿಗಾದರೂ ಎಣಿಸದ ಲಾಭ ಬಂದರೆ, "ಏನಲೇ, ನರಿ ಮುಖ ನೋಡಿ ಎದ್ದೀಯೇನು?" ಎಂದು ಕೇಳುತ್ತಾರೆ. ಬಾಯಿಮಾತಿಗೆ ಎಲ್ಲರೂ ಕೇಳುತ್ತಾರೆ, ನಮ್ಮ ಮನೆತನದವರು ಮಾತ್ರ ಅದನ್ನು ಕೆಲಸವಾಗಿ ಹಚ್ಚಿಕೊಂಡವರು. ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆಯ ದಿನ ಅತ್ತಿಯೇ ನನ್ನನ್ನು ನಸುಕಿನಲ್ಲಿ ಎಬ್ಬಿಸಿ ಪಾಮನಕಲ್ಲೂರಿನ ಹೊರಗಿನ ಗುಡ್ಡಕ್ಕೆ ಎಳೆದುಕೊಂಡು ಹೋಗಿದ್ದಳು. ಯುಗಾದಿಗೆಂದು ತವರಿಗೆ ಬಂದಿದ್ದಳು ಆಗ. "ಅಗಾ, ಆ ಬಂಡಿ ಪಕ್ಕಕ್ಕ," ಎಂದು ಬೆರಳು ಮಾಡಿದಳು. ನನಗೆ ಬಂಡೆ ಬಿಟ್ಟರೆ ಏನೂ ಕಾಣಲಿಲ್ಲ. ಆಕೆ ನನ್ನ ಗದ್ದ ಹಿಡಿದು, ಲಾಟೀನಿನ ಬತ್ತಿ ಏರಿಸುವಷ್ಟು ಮೆಲ್ಲಗೆ ತಿರುಗಿಸಿ, "ಇಲ್ಲಿಂದ ನೇರ ನೋಡು, ಕಿವಿ ಕಾಣ್ತಾವೇನು?" ಎಂದಳು. ಕಂಡವು. ಎರಡು ಕಿವಿ, ಅವುಗಳ ಕೆಳಗೆ ನಮ್ಮನ್ನು ತೂಗಿ ನೋಡುತ್ತಿದ್ದ ಒಂದು ಮುಖ. ನಾನು ಗೆದ್ದೆ ಎಂದುಕೊಂಡೆ.

ಗಣಿತದಲ್ಲಿ ನಪಾಸಾದೆ. ಫಲಿತಾಂಶ ಕೇಳಿ ಅತ್ತಿ ಗೊರೇಬಾಳದಿಂದ ಹೇಳಿಕಳಿಸಿದ್ದೇನು ಗೊತ್ತೆ? "ನಾ ಮುಖ ತೋರಿಸಿದ್ರ ಇವ ಬಾಲ ನೋಡ್ಯಾನ."

ಬಾಲದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಬಸುವಿನ ಹೊಲದ ಪಕ್ಕ ಕ್ಯಾಂಪಿನ ಸತ್ಯಂ ಎಂಬವನ ಹೊಲ ಇದೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ನಮ್ಮ ಸಿಂಧನೂರಿನ ಸುತ್ತ ಎಷ್ಟೋ ಇವೆ. ನರಿಯ ಮುಖ ನೋಡಬೇಕೆಂದು ಬಸು ಹೇಳಿದರೆ ಸತ್ಯಂ ಬಿದ್ದು ಬಿದ್ದು ನಕ್ಕನಂತೆ. ಅವರಲ್ಲಿ ಅದೃಷ್ಟ ಬರಬೇಕೆಂದರೆ ನರಿಯ ಬಾಲ ತುಳಿಯಬೇಕಂತೆ. "ನಕ್ಕ ತೋಕ ತೊಕ್ಕಾಲಿ, ಮುಖಮು ಏಮಿಟಿ?" ಎಂದನಂತೆ. ಅಂದರೆ ಕಾಲುವೆಯ ಈ ದಂಡೆಯವರು ನರಿಯ ಎದುರಿಗೆ ನಿಲ್ಲಬೇಕು, ಆ ದಂಡೆಯವರು ಅದರ ಹಿಂದೆ ನಿಲ್ಲಬೇಕು. ಈ ಭಾಷಾ ಸೌಹಾರ್ದದ ನಡುವೆ ನಿಂತ ನರಿಯ ಅದೃಷ್ಟವನ್ನು ಯಾರೂ ಕೇಳುವುದಿಲ್ಲ.

ಇನ್ನು ಡಬ್ಬಿಯ ಕಥೆ. ಭತ್ತದ ಹೊಲಕ್ಕೆ ರಾತ್ರಿ ಹಂದಿ ನುಗ್ಗುತ್ತವೆ. ಮೊದಲು ಬೆದರುಗೊಂಬೆ ನಿಲ್ಲಿಸುತ್ತಿದ್ದರು, ಈಗ ಮೈಕ್ ಡಬ್ಬಿ. ಕಾರ್ಡಿನಲ್ಲಿ ನಾಯಿ ಬೊಗಳುವುದು, ಪಟಾಕಿ ಹಾರುವುದು, ಹುಲಿ ಗರ್ಜಿಸುವುದು ಎಲ್ಲ ತುಂಬಿಸಿ ಮಾರುತ್ತಾರೆ. ಗೊರೇಬಾಳದ ಹಂದಿಗಳು ಹುಲಿ ಕಂಡಿದ್ದರಲ್ಲವೆ ಹೆದರಲು? ಗರ್ಜನೆ ಕೇಳುತ್ತ ಆರಾಮಾಗಿ ಮೇಯುತ್ತಿದ್ದವಂತೆ. ಒಂದು ರಾತ್ರಿ ಬೇಸತ್ತು ಅತ್ತಿಯೇ ಬದುವಿನ ಮೇಲೆ ನಿಂತು ಬಾಯಿ ಬಿಟ್ಟಳು. ಬಸು ತಮಾಷೆಗೆಂದು ಫೋನಿನಲ್ಲಿ ಅದನ್ನು ಹಿಡಿದುಕೊಂಡು ಕಾರ್ಡಿಗೆ ಹಾಕಿದ. ಮರುದಿನದಿಂದ ಹಂದಿ ಇಲ್ಲ. ಹುಲಿಗೆ ಹೆದರದವು ನಮ್ಮತ್ತಿಗೆ ಹೆದರಿದವು. ಅಲ್ಲಿಂದ ಮುಂದೆ ಪ್ರತಿ ರಾತ್ರಿ, ಅತ್ತಿ ಒಳಗೆ ಗೊರಕೆ ಹೊಡೆಯುತ್ತಿದ್ದರೂ, ಹೊರಗೆ ಹೊಲದಲ್ಲಿ ಆಕೆಯ ಬೈಗುಳ ಬೆಳಗಾಗುವವರೆಗೆ ತಿರುಗುತ್ತಲೇ ಇರುತ್ತಿತ್ತು:

"ನಿಮ್ಮ ಬಾಯಾಗ ಮಣ್ಣು ಹಾಕ! ನನ್ನ ಕಣ್ಣು ತಪ್ಪಿಸಿ ತಿಂತೀರೇನಲೇ? ಆ ದಂಡಿಗೆ ಕುಂತ್ರೂ ಕಾಣ್ತೀರಿ, ಈ ದಂಡಿಗೆ ಕುಂತ್ರೂ ಕಾಣ್ತೀರಿ! ಹದ್ದಿನ ಕಣ್ಣಲೇ ಇವು, ಹದ್ದಿನ ಕಣ್ಣು!"

ಅದು ಆಕೆಯ ಕಣ್ಣು ನೆಟ್ಟಗಿದ್ದ ಕಾಲದ ಬೈಗುಳ, ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕರಾರು ಕೇಳಿದ ಮೇಲೆ ನಾನೂ ಬಸುವೂ ತಲೆ ಕೆಡಿಸಿಕೊಂಡೆವು. ನರಿ ಎಲ್ಲಿದೆಯೆಂದು ತಿಳಿಯದೆ ಮುದುಕಿಯನ್ನು ಚಳಿಯಲ್ಲಿ ಊರೂರು ತಿರುಗಿಸಲಾಗದು. ಮೊದಲು ನಾವು ಹೋಗಿ ಜಾಗ ಗೊತ್ತುಮಾಡಿಕೊಳ್ಳಬೇಕು. ಬಸು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕಾದ ರೈತರು ರಾತ್ರಿ ಹೊತ್ತು ಬಯಲಿಗೆ ಹೋಗಿ, ಒಂದು ಮಷೀನು ನೆಲದ ಮೇಲಿಟ್ಟು, ದೂರ ಕೂತು ರಿಮೋಟ್ ಒತ್ತುತ್ತಾರೆ. ಮಷೀನು ಕಾಯೋಟಿ ಎಂಬ ಅಲ್ಲಿಯ ಪ್ರಾಣಿಯ ಹಾಗೆ ಊಳಿಡುತ್ತದೆ. ಸುತ್ತಲಿನ ಕಾಯೋಟಿಗಳು "ಯಾರದು?" ಎಂದು ಉತ್ತರ ಕೊಟ್ಟು ತಮ್ಮ ವಿಳಾಸ ತಾವೇ ಹೇಳಿಬಿಡುತ್ತವೆ.

"ನಮ್ಮ ಡಬ್ಬಿಗೆ ಏನ್ ಕಡಿಮಿ ಆಗೈತಿ ಮಾವ?" ಎಂದ ಬಸು. "ಹೊಡಿಯೋದಲ್ಲ, ಹಿಡಿಯೋದಲ್ಲ. ಎಲ್ಲಿ ಅದೀಯಪ್ಪ ಅಂತ ಕೇಳೋದಷ್ಟ."

"ಆದ್ರ ಅದು ಅಮೆರಿಕಾದ್ದಲೇ. ನಮ್ಮ ನರಿಗೆ ತಿಳಿಯಬೇಕಲ್ಲ?"

"ಅಳೋದು, ಒದರೋದು ಎಲ್ಲಾ ಕಡಿ ಒಂದಾ, ತಗೋ."

ಕಾರ್ಡಿನಿಂದ ನಾಯಿ, ಪಟಾಕಿ, ಹುಲಿ ಎಲ್ಲವನ್ನೂ ಅಳಿಸಿ ಅಮೆರಿಕಾದ ಊಳು ತುಂಬಿದ. ಒಂದನ್ನು ಮಾತ್ರ ಅಳಿಸಲಿಲ್ಲ. "ಹಡೆದವ್ವನ ದನಿ ಮಾವ. ಅಳಿಸಾಕ ಕೈ ಬರವಲ್ದು," ಎಂದ. ಈ ಮಾತೃಭಕ್ತಿ ನಮಗೆ ಎಷ್ಟು ತುಟ್ಟಿಯಾಯಿತೆಂದು ಮುಂದೆ ಹೇಳುತ್ತೇನೆ.

ಮೊದಲ ಸಲ ಹೋದದ್ದು ನಮ್ಮದೇ ಪಾಮನಕಲ್ಲೂರಿಗೆ. ಬೈಕಿನಲ್ಲಿ ಬಸು ಮುಂದೆ, ನಾನು ಹಿಂದೆ, ನಡುವೆ ಕೂಸಿನ ಹಾಗೆ ಡಬ್ಬಿ. ಮಸ್ಕಿ ದಾಟುವಾಗ ಕತ್ತಲಲ್ಲಿ ಬೆಟ್ಟ ಕಂಡಿತು. ಅಲ್ಲಿ ಅಶೋಕ ಚಕ್ರವರ್ತಿ ತನ್ನ ಹೆಸರು ಹಾಕಿ ಬಂಡೆಯ ಮೇಲೆ ಶಾಸನ ಬರೆಸಿದ್ದಾನೆ. ಪಾಪ, ಅವನ ಕಾಲಕ್ಕೆ ಮೈಕ್ ಇರಲಿಲ್ಲ. ನಮಗೆ ಇತ್ತು, ಹೇಳಲು ಮಾತ್ರ ಏನೂ ಇರಲಿಲ್ಲ.

ಗುಡ್ಡದ ಬುಡದಲ್ಲಿ ಬೈಕ್ ನಿಲ್ಲಿಸಿ, ಡಬ್ಬಿಯನ್ನು ಒಂದು ಕಲ್ಲಿನ ಮೇಲಿಟ್ಟು, ಉಸಿರು ಬಿಗಿ ಹಿಡಿದು ಬಸು ಗುಂಡಿ ಒತ್ತಿದ. ಆ ನಿಶ್ಶಬ್ದ ಬಯಲಿಗೆ ಮೊದಲು ಕೇಳಿಸಿದ್ದು ಒಬ್ಬ ಹೆಂಗಸಿನ ಇಂಗ್ಲಿಷು: "ದಿ ಬ್ಲೂಟೂತ್ ಡಿವೈಸ್ ಈಸ್ ರೆಡಿ ಟು ಪೇರ್!" ಡಬ್ಬಿ ಹಚ್ಚಿದಾಗಲೆಲ್ಲ ಆಕೆ ಹಾಗೆ ಸಾರುತ್ತಾಳೆ, ತಡೆಯಲಾಗದು. ಜೋಡಿಯಾಗಲು ಸಿದ್ಧ ಎಂದು ಆಕೆ ಊರಿಗೆಲ್ಲ ಹೇಳಿದ ಮೇಲೆ ಅಮೆರಿಕಾದ ಊಳು ಶುರುವಾಯಿತು.

ಉತ್ತರ ಬಂತು. ಪಾಮನಕಲ್ಲೂರಿನ ನಾಯಿಗಳೆಲ್ಲ ಒಟ್ಟಿಗೆ ಕೊಟ್ಟವು. ಅವುಗಳ ಹಿಂದೆಯೇ ಒಂದು ಬ್ಯಾಟರಿ ಬೆಳಕು, ಒಂದು ಕೋಲು, ಒಂದು ಕಂಬಳಿ ನಮ್ಮ ಕಡೆಗೆ ದಡದಡ ಬರತೊಡಗಿದವು. ಪಕ್ಕದ ಹೊಲದಲ್ಲಿ ಕುರಿ ಹಟ್ಟಿ ಹಾಕಿದ್ದ ಬೀರಪ್ಪ ಎಂಬ ಕುರುಬ.

"ಯಾರ್ಲೇ ಅದು? ಏನ್ ಮಾಡಾಕತ್ತೀರಲೇ?"

ನಾನು ಗುಮಾಸ್ತನ ವಿನಯದಿಂದ ಪೀಠಿಕೆ ಹುಡುಕುತ್ತಿದ್ದೆ. ಬಸು ನೇರವಾಗಿ ಹೇಳಿಬಿಟ್ಟ.

"ನರಿ ಕರಿಯಾಕತ್ತೀವಣ್ಣ."

ಬೀರಪ್ಪ ಸ್ವಲ್ಪ ಹೊತ್ತು ಬೆಳಕನ್ನು ನಮ್ಮಿಬ್ಬರ ಮುಖಕ್ಕೆ ಬಿಟ್ಟುಕೊಂಡು ನಿಂತ. "ಕರಿಯಾಕತ್ತೀರಿ?"

"ಹೂನಣ್ಣ."

"ಇಲ್ಲಿ ಕುರಿ ಮರಿ ಹಾಕ್ಯಾವ, ನರಿ ತೋಳ ಬರಬಾರ್ದು ಅಂತ ನಾ ನಿದ್ದಿಗೆಟ್ಟು ಕಾಯಾಕತ್ತೀನಿ. ನೀವು ಊಟಕ್ಕ ಬರ್ರಿ ಅಂತ ಮೈಕ್ ಹಚ್ಚಿ ಕರಿಯಾಕತ್ತೀರಿ? ಯಾವೂರ ಖೋಡಿಗಳಲೇ ನೀವು?"

ಕೋಲು ಮೇಲಕ್ಕೆದ್ದಿತು. ನಾನು ಅತ್ತಿಯ ಹೆಸರು, ಕಣ್ಣು, ಪೊರೆ, ಡಾಕ್ಟರು, ಕರಾರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಕೋಲು ನಿಧಾನಕ್ಕೆ ಇಳಿಯಿತು.

"ಯಾವ ನಿಂಗಮ್ಮ? ಅಟ್ಟದ ಮ್ಯಾಲ ನಿಂತು ಕವಣಿ ಹೊಡಿತಿದ್ಲಲ್ಲ, ಆಕಿಯೇನು?"

"ಆಕಿನಾ, ನಮ್ಮತ್ತಿ."

"ಅಯ್ಯ ಶಿವನ! ಜ್ವಾಳದ ಹೊಲದಾಗ ಗುಬ್ಬಿ ಕಾಯಾಕ ಆಕಿ ಕವಣಿ ಬೀಸಿದ್ರ, ಹಾದ್ಯಾಗ ಹೋಗೋ ನಾನೂ ತಲಿ ಬಗ್ಗಸ್ತಿದ್ದೆ. ಗುಬ್ಬಿಗೊಂದು ಕಲ್ಲು, ನನಗೊಂದು ಬೈಗಳ. ಅಂಥಾಕಿಗೆ ಕಣ್ಣು ಕಾಣವಲ್ವು?" ಎಂದು ಬೀರಪ್ಪ ಕೋಲಿನ ಮೇಲೆ ಭಾರ ಹಾಕಿ ನಿಂತ. ನನಗೆ ಯಾಕೋ ಈ ಮನುಷ್ಯ ಬರೀ ತಲೆ ಬಗ್ಗಿಸಲು ಆ ಹಾದಿಯಲ್ಲಿ ಹೋಗುತ್ತಿರಲಿಲ್ಲ ಅನ್ನಿಸಿತು, ಆದರೆ ಆಕೆಯ ಮಗನ ಎದುರಿಗೆ ಕೇಳುವ ಮಾತಲ್ಲ ಎಂದು ಸುಮ್ಮನಾದೆ. ಹೋಗುವಾಗ ಅವನೇ ಹೇಳಿದ: "ಇಲ್ಲಿ ಈಗ ನರಿ ಭಾಳ ಕಮ್ಮಿರೆಪ. ಗುರುಗುಂಟಾ ಕಡಿ ಅದಾವಂತ. ಅಲ್ಲಿ ಕರೀರಿ. ಇಲ್ಲಿ ಮತ್ತ ಕರದ್ರ ನಾಯಿ ಬಿಡ್ತೀನಿ."

ಇನ್ನೊಂದು ಸಂಜೆ ಗುರುಗುಂಟಾಕ್ಕೆ ಹೋದರೆ ಅಲ್ಲಿಯ ಚಹಾದಂಗಡಿಯವನು, "ನರಿ ಏನ್ರೀ, ಅವೆಲ್ಲಾ ನೀರು ಹುಡಿಕ್ಕೊಂಡು ನಿಮ್ಮ ನೀರಾವರಿ ಕಡಿಗೆ ಹೋಗ್ಯಾವ, ಗೊರೇಬಾಳ ಕಡಿ ನೋಡ್ರಿ" ಎಂದ. ಬಸು ನಕ್ಕುಬಿಟ್ಟ. ಹುಟ್ಟಿದಾಗಿನಿಂದ ಗೊರೇಬಾಳದಲ್ಲಿರುವ ಅವನಿಗೆ ಗೊತ್ತಿಲ್ಲವೆ? ನಾವು ಅಂಗಡಿಯವನ ಮಾತನ್ನು ಚಹಾದ ಜೊತೆ ನುಂಗಿ, ಊರಾಚೆಯ ಕುರುಚಲು ಗುಡ್ಡಕ್ಕೆ ಹೋಗಿ ಡಬ್ಬಿ ಇಟ್ಟೆವು. ಬ್ಲೂಟೂತ್ ಹೆಂಗಸು ತನ್ನ ಮಾತು ಮುಗಿಸಿದಳು. ಅಮೆರಿಕಾ ಊಳಿಟ್ಟಿತು. ಸುಮ್ಮನೆ ಕೂತೆವು.

ಮೊದಲು ಒಂದೇ ಒಂದು ಸಣ್ಣ ಧ್ವನಿ, ಕಲ್ಲಿನ ಸಂದಿಯಿಂದ ಎಳೆದಂತೆ. ಆಮೇಲೆ ಇನ್ನೊಂದು. ಆಮೇಲೆ ಇಡೀ ಗುಡ್ಡವೇ ಬಾಯಿ ತೆರೆದು ಒದರತೊಡಗಿತು. ಅಮೆರಿಕಾದಿಂದ ಬೀಗರು ಬಂದಿದ್ದಾರೆಂದು ಗುರುಗುಂಟಾದ ನರಿಗಳೆಲ್ಲ ಹೊರಗೆ ಬಂದು ಕ್ಷೇಮಸಮಾಚಾರ ಕೇಳುತ್ತಿದ್ದವು. ಬಾಲ್ಯದಲ್ಲಿ ಕೌದಿಯೊಳಗೆ ಮುದುಡಿ ಕೇಳಿದ ದನಿ ಅದು. ಇಷ್ಟು ವರ್ಷ ಅದು ನನಗೆ ಬೇಕಾಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂದವು, ಕತ್ತಲಿದ್ದದ್ದಕ್ಕೆ ಒರೆಸಿಕೊಳ್ಳಲಿಲ್ಲ. ಬಸು ನನ್ನ ತೋಳು ಹಿಡಿದು, "ಬಂತು ಮಾವ, ಬಂತು" ಎಂದು ಪಿಸುಗುಟ್ಟಿದ. ಎದುರಿನ ಪೊದೆಯಲ್ಲಿ ಎರಡು ಹಸಿರು ಕಣ್ಣು ಮಿಂಚಿದವು.

ಆಗ ಡಬ್ಬಿಯಲ್ಲಿ ಊಳು ಮುಗಿದು ಕಾರ್ಡಿನ ಮುಂದಿನ ಹಾಡು ಬಂತು.

"ನಿಮ್ಮ ಬಾಯಾಗ ಮಣ್ಣು ಹಾಕ! ನನ್ನ ಕಣ್ಣು ತಪ್ಪಿಸಿ ತಿಂತೀರೇನಲೇ?"

ಗುಡ್ಡ ಗಪ್ಪಾಯಿತು. ಹಸಿರು ಕಣ್ಣು ಆರಿಹೋದವು. ಬಸು ಕತ್ತಲಲ್ಲಿ ಗುಂಡಿ ತಡಕಾಡಿ ಕಿತ್ತು ಕೈಗೆ ತಂದ, ಅತ್ತಿ ಮಾತ್ರ ನಿಲ್ಲಲಿಲ್ಲ. ಆ ದಂಡೆ, ಈ ದಂಡೆ, ಹದ್ದಿನ ಕಣ್ಣು ಎಲ್ಲ ಪೂರ್ತಿ ಹೇಳಿಯೇ ಮುಗಿಸಿದಳು. ಆ ಕಿತ್ತ ಗುಂಡಿಯ ಜಾಗದಲ್ಲೇ ಈಗ ಪೆನ್ನಿನ ಮುಚ್ಚಳ ಇರುವುದು.

ಆದರೂ ಜಾಗ ಸಿಕ್ಕಿತಲ್ಲ. ಓಡಿಹೋಗಿ ಅತ್ತಿಗೆ ಹೇಳಿದೆವು. ಹಿಗ್ಗುತ್ತಾಳೆಂದುಕೊಂಡರೆ ಆಕೆಯ ಮುಖ ಇಳಿಯಿತು.

"ಖರೇನಾ? ನರಿ ಇನ್ನಾ ಅದಾವ?"

"ದಂಡು ಅದಾವತ್ತಿ."

"ಹೌದಾ," ಎಂದಳು. ಅಷ್ಟೇ ಎಂದು ಗೋಡೆಗೆ ಒರಗಿ ಕೂತಳು. ಆಗ ನನಗೆ ಹೊಳೆಯಿತು. ನಾಡಿನಲ್ಲಿ ನರಿ ಒಂದೂ ಉಳಿದಿಲ್ಲ, ಇನ್ನು ಈ ಜನ್ಮದಲ್ಲಿ ಆಪರೇಷನ್ ಮೇಜು ಏರುವ ಪ್ರಸಂಗ ಬರುವುದಿಲ್ಲ ಎಂದು ನಂಬಿಯೇ ಆಕೆ ಕರಾರು ಹಾಕಿದ್ದಳು.

ಕೊಟ್ಟ ಮಾತು ತಪ್ಪುವವಳಲ್ಲ. ಒಂದು ನಸುಕಿಗೆ ಎರಡು ಕೌದಿ ಹೊದ್ದು ಆಟೋದಲ್ಲಿ ಕೂತಳು. ದಾರಿಯುದ್ದಕ್ಕೂ ಚಳಿಗೆ ಒಂದು ಬೈಗುಳ, ರಸ್ತೆಗೆ ಒಂದು, ಬಸುವಿನ ಓಡಿಸುವಿಕೆಗೆ ಎರಡು. ಗುರುಗುಂಟಾ ಮುಟ್ಟುವ ಹೊತ್ತಿಗೆ ಮೂಡಲ ಬೆಳ್ಳಗಾಗುತ್ತಿತ್ತು. ಅತ್ತಿಯನ್ನು ಒಂದು ಬಂಡೆಯ ಮೇಲೆ ಕೂರಿಸಿ, ಡಬ್ಬಿ ಹಚ್ಚಿ, ಊಳು ಬಿಟ್ಟೆವು. ಈ ಸಲ ಉತ್ತರ ತಡವಾಗಲಿಲ್ಲ. ನಮ್ಮೆದುರಿನ ಬಯಲಿಗೆ, ಒಂದು ಕಲ್ಲು ಎಸೆದರೆ ಬೀಳುವಷ್ಟು ಹತ್ತಿರಕ್ಕೆ, ಒಂದು ನರಿ ಬಂದು ಕೂತಿತು. ಮುಖ ತೊಳೆದುಕೊಂಡು ಬಂದಂತೆ ಚೊಕ್ಕ ಇತ್ತು. ನಮ್ಮ ಕಡೆಗೇ ನೋಡುತ್ತ ಕೂತಿತು.

"ಅತ್ತಿ, ಅಗಾ!" ಎಂದೆ.

"ಎಲ್ಲಿ?"

"ಎದುರಿಗೇ. ಆ ಜಾಲಿಗಿಡದ ಮುಂದ."

ಆಕೆ ನೋಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು, ಅಗಲ ಮಾಡಿ ನೋಡಿದಳು. "ಎಲ್ಲೋ?" ಎಂದಳು ಮತ್ತೆ, ಈ ಸಲ ಸಣ್ಣ ದನಿಯಲ್ಲಿ. ನಾನು ಆಕೆಯ ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದೆ. "ಇಲ್ಲಿಂದ ನೇರ ನೋಡತ್ತಿ. ಕಿವಿ ಕಾಣ್ತಾವೇನು?" ಕೇಳಿದ ಮೇಲೆ ಗೊತ್ತಾಯಿತು, ಇದು ನನ್ನ ಮಾತಲ್ಲ ಎಂದು. ಆಕೆಗೂ ಗೊತ್ತಾಗಿರಬೇಕು.

"ಬೆಳ್ಳಗ ಕಾಣ್ತೈತಿ. ಎಲ್ಲಾ ಬೆಳ್ಳಗ," ಎಂದಳು.

ಸುಳ್ಳು ಹೇಳಬಹುದಿತ್ತು. "ಕಂಡಿತು" ಎಂದಿದ್ದರೆ ನಾವು ನಂಬುತ್ತಿದ್ದೆವು, ಬೆರಳಿಟ್ಟು ಚಹಾ ಬಗ್ಗಿಸಿದ್ದನ್ನು ನಂಬಿರಲಿಲ್ಲವೆ? ಆಕೆ ಹೇಳಲಿಲ್ಲ. ಅಷ್ಟರಲ್ಲಿ ಊಳು ಮುಗಿದು ಡಬ್ಬಿ ತನ್ನ ಬುದ್ಧಿ ತೋರಿಸಿತು. ಬಸು ಪೆನ್ನಿನ ಮುಚ್ಚಳ ಒತ್ತಿದ್ದು ಹತ್ತಲಿಲ್ಲ.

"ಆ ದಂಡಿಗೆ ಕುಂತ್ರೂ ಕಾಣ್ತೀರಿ, ಈ ದಂಡಿಗೆ ಕುಂತ್ರೂ ಕಾಣ್ತೀರಿ! ಹದ್ದಿನ ಕಣ್ಣಲೇ ಇವು, ಹದ್ದಿನ ಕಣ್ಣು!"

ನರಿ ಎದ್ದು ಓಡಿತು. ಅತ್ತಿ ಕುತ್ತಿಗೆ ಓರೆ ಮಾಡಿ ಕೊನೆಯವರೆಗೂ ಕೇಳಿದಳು.

"ನಂದಾ ದನಿ."

"ಹೂನತ್ತಿ."

"ಭಾಳ ಸೊಕ್ಕಿತ್ತು ಬಿಡು ಆವಾಗ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಬಯಲ ಕಡೆಗೆ ತಿರುಗಿ ಕೇಳಿದಳು: "ನನಗ ಕಾಣಲಿಲ್ಲ ಹೋಗ್ಲಿ. ಅದು ನನ್ನ ಮುಖ ನೋಡ್ತೇನು?"

"ಕಣ್ಣು ತುಂಬ ನೋಡ್ತತ್ತಿ."

"ಹಂಗಾರ ಅದರ ದಿನಾನರ ಚಲೋ ಹೋಗ್ಲಿ. ಏಳ್ರಿ, ಗಾಡಿ ದವಾಖಾನಿಗೆ ಹೊಡೀರಿ. ನಾ ಮನಸ್ಸು ಬದಲ ಮಾಡೋದ್ರಾಗ ಜಲ್ದಿ ನಡೀರಿ."

ಲಿಂಗಸುಗೂರು ದಾಟಿತು, ಮಸ್ಕಿ ದಾಟಿತು, ಅತ್ತಿಯ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಬೈಯಲಿ ಎಂದು ಬಸು ಎರಡು ಸಲ ಬೇಕೆಂದೇ ಆಟೋವನ್ನು ರಸ್ತೆಯ ಗುಂಡಿಗೆ ಇಳಿಸಿ ನೋಡಿದ. ನನ್ನ ಅಂಗೈ ಮಾತ್ರ ಆಕೆ ಬಿಡಲಿಲ್ಲ. ಅಷ್ಟು ಗಟ್ಟಿ ಹಿಡಿದದ್ದಕ್ಕೆ ಉಗುರಿನ ಗುರುತು ಬಿದ್ದಿತ್ತು. ಆ ದಾರಿಯುದ್ದಕ್ಕೂ ನನಗೂ ಹೆದರಿಕೆಯಾಗಿತ್ತು. ದೊಡ್ಡತ್ತಿ ಗೋಡೆ ಹಿಡಿದು ನಡೆಯುತ್ತಿದ್ದುದು ನೆನಪಾಗುತ್ತಿತ್ತು. ಒತ್ತಾಯ ಮಾಡಿದವರು ನಾವು, ಏನಾದರೂ ಹೆಚ್ಚುಕಮ್ಮಿಯಾದರೆ ಆ ಕತ್ತಲಲ್ಲಿ ಕೂರಬೇಕಾದವಳು ಆಕೆ.

ತಪಾಸಣೆ ಎಲ್ಲ ಮುಗಿಸಿ ಎಡಗಣ್ಣಿಗೆ ಆಪರೇಷನ್ ಮಾಡಿದರು. ಅತ್ತಿ ನಮ್ಮ ಮನೆಯಲ್ಲೇ ಉಳಿದಳು, ಆಟೋದಲ್ಲಿದ್ದ ಡಬ್ಬಿಯೂ ಆಕೆಯ ಜೊತೆ ಇಳಿದು ಬೀರುವಿನ ಮೇಲೇರಿತು. ಪಟ್ಟಿ ಬಿಚ್ಚಿದ ದಿನ ನಾನು ಆಕೆಯ ಎದುರಿಗೇ ನಿಂತಿದ್ದೆ. ಅತ್ತಿ ಕಣ್ಣು ಮಿಟುಕಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಮೇಲಕ್ಕೆ ಬಂದು ತಲೆಯ ಹತ್ತಿರ ನಿಂತಳು.

"ಯಪ್ಪಾ, ಕೂದಲಾ ಎಲ್ಲಿ ಹೋದ್ವೋ?"

ನಾನು ಅಷ್ಟು ಸಂತೋಷದಿಂದ ಎಂದೂ ಬೈಸಿಕೊಂಡಿರಲಿಲ್ಲ. ಆದರೆ ಆ ಸಂತೋಷ ಮನೆ ಮುಟ್ಟುವವರೆಗೆ ಮಾತ್ರ. ಶಾರದಾ ಇಷ್ಟು ವರ್ಷ ಬಚ್ಚಿಟ್ಟುಕೊಂಡು ಬಂದಿದ್ದ ಜೇಡರ ಬಲೆ, ಮೂಲೆಯ ಧೂಳು, ಬಾಂಡಿಯ ಮಸಿ ಒಂದೂ ಅತ್ತಿಯ ಎಡಗಣ್ಣಿನಿಂದ ತಪ್ಪಲಿಲ್ಲ. ಅಕ್ಕಿಯಲ್ಲಿನ ಹರಳನ್ನು ಪಡಸಾಲೆಯಿಂದಲೇ ಕಂಡುಹಿಡಿಯುತ್ತಿದ್ದಳು. "ಇನ್ನೊಂದು ಕಣ್ಣು ಆಮ್ಯಾಲ ಮಾಡ್ತಾರಂತಲ್ಲ, ಜರಾ ತಡೀಲಿ ಬಿಡ್ರಿ," ಎಂದು ಶಾರದಾ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದುಂಟು. ಡಬ್ಬಿಯ ಮೇಲೆ ಆಕೆಗೆ ಸಿಟ್ಟು ಯಾಕೆಂದು ಈಗ ನಿಮಗೂ ತಿಳಿದಿರಬೇಕು.

ಅತ್ತಿ ಗೊರೇಬಾಳಕ್ಕೆ ಮರಳಿದ ಮೇಲೆ ಬಲಗಣ್ಣಿನ ಸರದಿ ಬಂತು. ಡಾಕ್ಟರು ದಿನ ಗೊತ್ತುಮಾಡಿದರು. ನಾನು ಬೀರುವಿನ ಮೇಲಿಂದ ಡಬ್ಬಿ ಇಳಿಸಿ, ಧೂಳು ಒರೆಸಿ, ಚಾರ್ಜಿಗೆ ಹಾಕಿದೆ. ಮತ್ತೆ ಕೌದಿ, ಮತ್ತೆ ಆಟೋ, ಮತ್ತೆ ಗುರುಗುಂಟಾ ಎಂದು ಲೆಕ್ಕ ಹಾಕಿದೆ. ಈ ಸಲವಾದರೂ ಅತ್ತಿಯ ಪಾಲಿನ ನರಿಮುಖವನ್ನು ಆಕೆಗೆ ಕಾಣಿಸಬೇಕು ಎಂದು ನನ್ನ ಹಟ. ಮರುದಿನ ಮುಂಜಾನೆ, ನಾನಿನ್ನೂ ಹಾಸಿಗೆಯಲ್ಲಿರುವಾಗಲೇ ಅತ್ತಿಯ ಫೋನು ಬಂತು.

"ಲೇ, ಗುರುಗುಂಟಾ ಗಿರುಗುಂಟಾ ಏನ್ ಬ್ಯಾಡ. ನರಿ ಇಲ್ಲೇ ಐತಿ."

"ಎಲ್ಲಿ?"

"ನಮ್ಮ ಹಿತ್ತಲ ಹಿಂದ, ಗದ್ದಿ ಬದುವಿನ ಮ್ಯಾಲ. ಏಡಿ ತಿನ್ಕೊಂತ ಕುಂತಿತ್ತು. ದಿನಾ ಬರ್ತೈತಂತ, ಸತ್ಯಂ ಹೇಳಿದ. ಅವಗ ಗೊತ್ತಿತ್ತಂತ, ನಾವು ಮುಖ ಕೇಳಿದ್ವಿ, ಬಾಲ ಕೇಳಲಿಲ್ಲಂತ ಹೇಳಿಲ್ಲ. ನಾ ಒಂದು ತಾಸು ಬೈದೀನಿ, ಅಲ್ಲಾಡವಲ್ದು! ಕಿವಿ ನಿಗರಿಸಿ, ಮನೀ ಮಂದಿ ಮಾತು ಕೇಳಿದಂಗ ಕೇಳ್ತೈತಿ."

ಕೇಳದೆ ಏನು? ಎಷ್ಟೋ ವರ್ಷದಿಂದ ರಾತ್ರಿಯಿಡೀ ಆ ಬೈಗುಳವನ್ನೇ ಕೇಳುತ್ತ ಆ ಹೊಲದಲ್ಲಿ ದೊಡ್ಡದಾದ ಪ್ರಾಣಿ ಅದು. ಹಂದಿಗಳು ಅಂಜಿ ಓಡಿದ ದನಿ ಅದರ ಪಾಲಿಗೆ ಜೋಗುಳವಾಗಿತ್ತು. ನಾವು ಅಮೆರಿಕಾದ ಊಳು ಹೊತ್ತು ಮೂರು ತಾಲೂಕು ತಿರುಗಿದೆವು. ಗೊರೇಬಾಳದ ನರಿಯನ್ನು ಕರೆಯಲು ಅತ್ತಿ ಹಿತ್ತಲ ಬಾಗಿಲಿಗೆ ಬಂದು ಬಾಯಿ ತೆರೆದರೆ ಸಾಕಿತ್ತು.

"ಹೋಗ್ಲಿ ಬಿಡತ್ತಿ," ಎಂದೆ. "ಮುಖ ಕಾಣ್ತೇನು?"

"ಮುಖ ಅಂತೀಯಲ್ಲೋ," ಎಂದು ಅತ್ತಿ ಫೋನಿನಲ್ಲೇ ಗದರಿದಳು, "ಮೀಸಿ ಎಣಿಸೀನಿ!"